ಬಿಡುಗಡೆಯೋ, ವಿಮೋಚನೆಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ನೆದರ್‌ಲ್ಯಾಂಡ್ಸ್‌ನ ಹೋಲ್ಟನ್‌ನಲ್ಲಿರುವ ಎರಡನೇ ಮಹಾಯುದ್ಧದಲ್ಲಿ ಸತ್ತ ಕೆನಡಾ ಸೈನಿಕರ ಸಮಾಧಿಗಳನ್ನು ನೋಡಿ ಬಂದೆ. ಅದರ ಬಗ್ಗೆ ಬರೆಯುವಾಗ ಒಂದು ಪದದ ಹತ್ತಿರ ಕೈ ನಿಂತಿದೆ. ಅಲ್ಲಿನ ಹಿರಿಯರು ಮಾತುಮಾತಿಗೂ ಹೇಳುವ, ಜರ್ಮನ್ ಹಿಡಿತದಿಂದ ದೇಶ ತಪ್ಪಿಸಿಕೊಂಡದ್ದಕ್ಕೆ ಬಳಸುವ ಡಚ್ ಪದ ‘ಬೆವ್ರೈಡಿಂಗ್’ ಅನ್ನು ಕನ್ನಡದಲ್ಲಿ ಏನೆನ್ನೋಣ?

ಜರ್ಮನ್ ಸೇನೆ ಆ ದೇಶಕ್ಕೆ ನುಗ್ಗಿದ್ದು 1940ರ ಮೇ ತಿಂಗಳಲ್ಲಿ. ದಕ್ಷಿಣದ ಊರುಗಳು 1944ರಲ್ಲೇ ಅವರ ಹಿಡಿತದಿಂದ ತಪ್ಪಿಸಿಕೊಂಡವು. ಉಳಿದವರು 1945ರವರೆಗೆ ಕಾದರು. ನಡುವಿನ ಚಳಿಗಾಲದಲ್ಲಿ ಪಶ್ಚಿಮದ ನಗರಗಳ ಜನ ಟ್ಯೂಲಿಪ್ ಗೆಡ್ಡೆ ತಿಂದು ಬದುಕಿದರು. ಹೋಲ್ಟನ್‌ನಲ್ಲಿ 1,300ಕ್ಕೂ ಹೆಚ್ಚು ಸಮಾಧಿಗಳಿವೆ. ಹೆಚ್ಚಿನವರು ಯುದ್ಧದ ಕೊನೆಯ ತಿಂಗಳುಗಳಲ್ಲಿ ಸತ್ತ ಹುಡುಗರು. ಕ್ರಿಸ್‌ಮಸ್ ಹಿಂದಿನ ಸಂಜೆ ಊರಿನ ಮಕ್ಕಳು ಪ್ರತಿಯೊಂದು ಸಮಾಧಿಗೂ ದೀಪ ಹಚ್ಚುತ್ತಾರೆ.

ಅಲ್ಲಿ ಒಬ್ಬ ಅಜ್ಜಿ ಮಾತಿಗೆ ಸಿಕ್ಕರು. ಊರು ಜರ್ಮನ್ ಹಿಡಿತದಿಂದ ತಪ್ಪಿಸಿಕೊಂಡಾಗ ಅವರಿಗೆ ಎಂಟು ವರ್ಷವಂತೆ. ವಿಮಾನದವರಿಗೆ ಬೆಳಕು ಕಾಣಬಾರದೆಂದು ಕಿಟಕಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ಅಪ್ಪ ಹರಿದು ಹಾಕಿದರು. ಮನೆಯ ದೀಪ ಬೀದಿಗೆ ಬೀಳುವುದನ್ನು ನೋಡಲು ಮಕ್ಕಳೆಲ್ಲ ಹೊರಗೆ ಓಡಿದರು. ‘ಬೆವ್ರೈಡಿಂಗ್ ಅಂದರೆ ನನಗೆ ಅದೇ’ ಎಂದರು.

ಈ ಮಾತಿನಲ್ಲಿ ‘ವಿಮೋಚನೆ’ ಇಟ್ಟರೆ ಅಜ್ಜಿ ಭಾಷಣ ಮಾಡಿದ ಹಾಗೆ ಕೇಳುತ್ತದೆ, ಅಲ್ವಾ? ಗೋವಾ ವಿಮೋಚನೆ ಎನ್ನುತ್ತೇವೆ, ಹೈದರಾಬಾದ್ ಕರ್ನಾಟಕ ವಿಮೋಚನೆ ಎನ್ನುತ್ತೇವೆ. ಅರ್ಥವೇನೋ ಕೂಡುತ್ತದೆ. ಆದರೆ ಶಾಪವಿಮೋಚನೆ, ಋಣವಿಮೋಚನೆಗಳ ನೆರಳೂ ಅದರ ಮೇಲಿದೆ. ‘ಸ್ವಾತಂತ್ರ್ಯ ಬಂದಾಗ’ ಎಂದು ನಮ್ಮ ಹಿರಿಯರು ಸಲೀಸಾಗಿ ಹೇಳುತ್ತಾರೆ. ಅದು ಇಲ್ಲಿ ಹೊಂದದು. ಅವರದು ಮೊದಲೂ ಸ್ವತಂತ್ರ ದೇಶವೇ. ‘ಬಿಡುಗಡೆ’ಯನ್ನು ಸಿನಿಮಾಕ್ಕೂ ಅನುದಾನಕ್ಕೂ ಬಳಸಿ ಸವೆಸಿದ್ದೇವೆ, ನಿಜ. ಆದರೂ ‘ನಮ್ಮೂರಿಗೆ ಬಿಡುಗಡೆ ಸಿಕ್ಕ ದಿನ’ ಎಂದರೆ ಅಜ್ಜಿಯ ದನಿ ಉಳಿಯುತ್ತದೆ ಎಂದು ನನಗೆ ಅನಿಸುತ್ತದೆ.

ಇನ್ನೊಂದು ಚಿಕ್ಕ ಪ್ರಶ್ನೆ. ಅಲ್ಲಿನ ಬಿಳಿ ಕಲ್ಲುಗಳನ್ನು ‘ವೀರಗಲ್ಲು’ ಎನ್ನಬಹುದೇ? ನಮ್ಮ ವೀರಗಲ್ಲಿನಲ್ಲಿ ಹೋರಾಟದ ಚಿತ್ರವಿರುತ್ತದೆ, ಕೆಳಗೆ ದೇಹ ಇರಲೇಬೇಕೆಂದಿಲ್ಲ. ಇಲ್ಲಿ ಹೆಸರು, ವಯಸ್ಸು, ಕೆನಡಾದ ಗುರುತಾದ ಮೇಪಲ್ ಎಲೆ ಇಂಥವು ಇರುತ್ತವೆ. ನಾನು ಸದ್ಯಕ್ಕೆ ‘ಸಮಾಧಿ ಕಲ್ಲು’ ಎಂದು ಬರೆದಿದ್ದೇನೆ.

ಮುಖ್ಯವಾಗಿ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳದವರನ್ನು ಕೇಳುತ್ತಿದ್ದೇನೆ. ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರ್ 17 ಕಂಡ ಹಿರಿಯರು ಆ ದಿನವನ್ನು ಮನೆಮಾತಿನಲ್ಲಿ ಹೇಗೆ ಹೇಳುತ್ತಾರೆ? ‘ಪೊಲೀಸ್ ಆಕ್ಷನ್ ಆದಾಗ’, ‘ರಜಾಕಾರರ ಹಾವಳಿ ಮುಗಿದ ಮೇಲೆ’ ಎನ್ನುವುದನ್ನು ಕೇಳಿದ್ದೇನೆ. ಇವಲ್ಲದೆ ಬೇರೆ ಮಾತು ಇದೆಯೇ? ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ದಯವಿಟ್ಟು ಕೇಳಿ, ಅವರು ಹೇಳಿದ ಹಾಗೆಯೇ ಬರೆದು ಕಳಿಸಿ.