4 ಜಿಬಿ ಲ್ಯಾಪ್‌ಟಾಪ್, ಕನ್ನಡದಲ್ಲಿ ಪ್ರಾಜೆಕ್ಟ್ ವರದಿ: ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?

ಬಿಕಾಂ_ಕೊನೆಸೆಮ್

ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ವರದಿ ಕನ್ನಡದಲ್ಲಿ ಬರೆಯಬೇಕಿದೆ, ಅರವತ್ತು ಪುಟದ ಆಸುಪಾಸು. ವಿಷಯ: ತರಕಾರಿ ವ್ಯಾಪಾರಿಗಳಲ್ಲಿ ಯುಪಿಐ ಬಳಕೆ. ಪ್ರಶ್ನಾವಳಿ ಗೂಗಲ್ ಫಾರ್ಮ್‌ನಲ್ಲಿ, ಕನ್ನಡದಲ್ಲೇ ಇದೆ. ನೂರಕ್ಕೂ ಹೆಚ್ಚು ಉತ್ತರ ಬಂದಿವೆ.

ಲ್ಯಾಪ್‌ಟಾಪ್ ಹಳೆಯದು: 4 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್, ವಿಂಡೋಸ್ 10. ಎಂಎಸ್ ಆಫೀಸ್ ಇಲ್ಲ, ಕಾಲೇಜಿನ ಇಮೇಲ್ ಐಡಿಯೂ ಇಲ್ಲ. ಒಂದನೇ ಅಧ್ಯಾಯ ಟೈಪಿಂಗ್ ಸೆಂಟರಿನಲ್ಲಿ ಮಾಡಿಸಿದ್ದು, ಅದು ಗೈಡ್ ಅವರ ಮೊಬೈಲಿನಲ್ಲಿ ತೆರೆದರೆ ಚಿತ್ರವಿಚಿತ್ರ ಅಕ್ಷರ ಕಾಣುತ್ತದಂತೆ. ದುಡ್ಡು ಕೊಡದೆ ಆಗುವಂಥದ್ದು ಏನೇನು ಹಾಕಿಕೊಳ್ಳಲಿ? ಬರೆಯುವುದಕ್ಕೆ, ಅಂಕಿಅಂಶಕ್ಕೆ, ಉಲ್ಲೇಖಕ್ಕೆ, ಕೊನೆಗೆ ಪ್ರಿಂಟಿಗೆ.

ಒತ್ತಕ್ಷರ

ಬೇರೆ ಎಲ್ಲಕ್ಕಿಂತ ಮೊದಲು ಆ ಒಂದನೇ ಅಧ್ಯಾಯದ ಗತಿ ನೋಡಿ. ಅದು ಆಸ್ಕಿ ಫಾಂಟಿನಲ್ಲಿದೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ನುಡಿ ಆಸ್ಕಿಯಲ್ಲಿ ‘ಕನ್ನಡ’ ಎಂದು ಹೊಡೆದರೆ ಫೈಲಿನೊಳಗೆ ಉಳಿಯುವುದು ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು ಇಂಥವು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. ಹಾಗಾಗಿ ಅದರಲ್ಲಿ ಪದ ಹುಡುಕಲಾಗದು, ಮೊಬೈಲಿನಲ್ಲಿ ಓದಲಾಗದು. ಇನ್ನುಳಿದ ಅಧ್ಯಾಯಗಳನ್ನು ಯೂನಿಕೋಡಿನಲ್ಲೇ (ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಪದ್ಧತಿ) ಬರೆಯಿರಿ. ಇದೊಂದನ್ನು ಮಾಡದಿದ್ದರೆ ಕೆಳಗಿನ ಯಾವ ಸಲಹೆಯೂ ಕೆಲಸಕ್ಕೆ ಬಾರದು.

ಇರುವ ಅಧ್ಯಾಯವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಬಹುದು, ಮತ್ತೆ ಟೈಪ್ ಮಾಡಬೇಕಿಲ್ಲ. ಆದರೆ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ. ಫೈಲಿನೊಳಗೆ ಎರಡಕ್ಕೂ ಒಂದೇ ಸಂಕೇತವಿರುವಾಗ ಅದಕ್ಕೆ ಗುರುತು ಸಿಗುವುದಾದರೂ ಹೇಗೆ? ಇಂಗ್ಲಿಷ್ ಇರುವ ಸಾಲುಗಳನ್ನು ಮೊದಲೇ ಬೇರೆ ಮಾಡಿಟ್ಟು ಕನ್ನಡವನ್ನಷ್ಟೇ ಹಾಕಿ. ಆಮೇಲೆ ಅರ್ಕಾವತ್ತು, ವಟ್ರಸುಳಿ, ಆವರಣ ಚಿಹ್ನೆ, ಉದ್ಧರಣ ಚಿಹ್ನೆ ಇವಿಷ್ಟನ್ನು ಕಣ್ಣಿಟ್ಟು ನೋಡಿ. ಕೆಡುವುದು ಹೆಚ್ಚಾಗಿ ಅಲ್ಲೇ.

ಟೈಪ್ ಮಾಡಲು ವಿಂಡೋಸ್ 10ರಲ್ಲೇ ‘ಕನ್ನಡ ಫೊನೆಟಿಕ್’ ಕೀಲಿಮಣೆ ಇದೆ. ಸೆಟ್ಟಿಂಗ್ಸ್‌ನ ಟೈಮ್ ಅಂಡ್ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿ, ಅದರ ಆಪ್ಶನ್ಸ್‌ನಲ್ಲಿ ಈ ಕೀಲಿಮಣೆ ಆರಿಸಿ. ಕೈಗೆ ನುಡಿ ವಿನ್ಯಾಸವೇ ಒಗ್ಗಿದ್ದರೆ ನುಡಿಯನ್ನೇ ಯೂನಿಕೋಡ್ ಕ್ರಮಕ್ಕೆ ಬದಲಿಸಿಕೊಂಡು ಬಳಸಿ.

ಬರೆಯಲು ಲಿಬ್ರೆಆಫೀಸ್ ಎಂಬ ಉಚಿತ ಸಾಫ್ಟ್‌ವೇರಿನ ರೈಟರ್. ಹಾಕಿದ ಕೂಡಲೇ ಟೂಲ್ಸ್, ಆಪ್ಶನ್ಸ್, ಅದರೊಳಗೆ ಲ್ಯಾಂಗ್ವೇಜಸ್ ಭಾಗಕ್ಕೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಕನ್ನಡ ಆರಿಸಿ. ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಅಲ್ಲಾಡುತ್ತಿಲ್ಲ ಎಂಬ ದೂರು ಬರುವುದು ಇದು ಗೊತ್ತಿಲ್ಲದೆ: ರೈಟರ್ ಇಂಗ್ಲಿಷಿಗೊಂದು, ಕನ್ನಡಕ್ಕೊಂದು ಎಂದು ಎರಡು ಫಾಂಟ್, ಎರಡು ಅಳತೆ ಇಟ್ಟುಕೊಂಡಿರುತ್ತದೆ. ಎಫ್11 ಒತ್ತಿದರೆ ಸ್ಟೈಲ್‌ಗಳ ಪಟ್ಟಿ ಬರುತ್ತದೆ. ‘ಬಾಡಿ ಟೆಕ್ಸ್ಟ್’ ಮೇಲೆ ಬಲ ಕ್ಲಿಕ್ ಮಾಡಿ ಎಡಿಟ್‌ಗೆ ಹೋಗಿ, ಫಾಂಟ್ ಟ್ಯಾಬಿನಲ್ಲಿ ಎರಡನ್ನೂ ಬೇರೆಬೇರೆ ಆರಿಸಿ. ಕನ್ನಡಕ್ಕೆ ನೋಟೊ ಸೆರಿಫ್ ಕನ್ನಡ ಚೆನ್ನಾಗಿ ಕೂರುತ್ತದೆ. ಅಳತೆ ಎರಡಕ್ಕೂ 12 ಎಂದೇ ಇಡಬೇಕೆಂದಿಲ್ಲ, ಕಣ್ಣಿಗೆ ಒಂದೇ ಎತ್ತರ ಕಾಣುವ ಹಾಗೆ ಹೊಂದಿಸಿ.

ಅಧ್ಯಾಯದ ಹೆಸರಿಗೆ ‘ಹೆಡಿಂಗ್ 1’, ಉಪಶೀರ್ಷಿಕೆಗೆ ‘ಹೆಡಿಂಗ್ 2’. ಬರೀ ಬೋಲ್ಡ್ ಮಾಡಿ ದಪ್ಪ ಮಾಡಿದರೆ ಪರಿವಿಡಿ ತಾನಾಗಿ ಬರುವುದಿಲ್ಲ, ಅರವತ್ತು ಪುಟದ ಸಂಖ್ಯೆಯನ್ನು ಕೈಯಲ್ಲೇ ತುಂಬಬೇಕು.

ಇನ್ನೆರಡು ಮಾತು. ಸಾಲಿನ ಅಂತರವನ್ನು ‘ಫಿಕ್ಸೆಡ್’ ಎಂದು ಇಡಬೇಡಿ. ಕೆಳಗಿನ ಒತ್ತಕ್ಷರ ಕತ್ತರಿಸಿ ಹೋಗುತ್ತದೆ, ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳಲ್ಲಿ ಮೊದಲು ಗೊತ್ತಾಗುತ್ತದೆ. 1.5 ಎಂದಿಡಿ. ಇನ್ನೊಂದು, ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಬೇಕಾದ ಕಡೆ ವ ಒತ್ತಾಗಿ ಟ ಕೆಳಗೆ ಸೇರಿಕೊಂಡರೆ, ಅರ್ಧ ಟ್ ಆದ ಮೇಲೆ 200 ಬರೆದು ಪಕ್ಕದಲ್ಲೇ ಇಂಗ್ಲಿಷಿನ ಸಿ ಹೊಡೆದು ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಕಣ್ಣಿಗೆ ಕಾಣದ ಒಂದು ಚಿಹ್ನೆ ಅಲ್ಲಿ ಕೂತು ಎರಡೂ ಬೇರೆಯಾಗುತ್ತವೆ. ವರ್ಡ್‌ನಲ್ಲೂ ಇದೇ ನಡೆಯುತ್ತದೆ. ಒಂದು ಪದಕ್ಕೆ ಒಂದು ಕಡೆ ಈ ಚಿಹ್ನೆ ಹಾಕಿ ಇನ್ನೊಂದು ಕಡೆ ಬಿಟ್ಟರೆ ಹುಡುಕುವಾಗ ಎರಡೂ ಒಟ್ಟಿಗೆ ಸಿಗದೇ ಹೋಗಬಹುದು, ನೆನಪಿರಲಿ.

ಸುಮ್ನೆ_ಹೇಳ್ದೆ

ಅಂಕಿಅಂಶಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ, ಎಸ್‌ಪಿಎಸ್‌ಎಸ್ ಅಂತ ಅದಕ್ಕೇ ಇರೋ ದುಡ್ಡಿನ ಸಾಫ್ಟ್‌ವೇರ್ ಇದೆ, ಅದ್ರ ಕ್ರ್ಯಾಕ್ (ಕದ್ದ ಪ್ರತಿ) ಯಾವ ಹಾಸ್ಟೆಲಲ್ಲಿ ಕೇಳಿದ್ರೂ ಸಿಗತ್ತೆ. ಅದ್ರ ಜೊತೆಗೇ ಆಫೀಸೂ ಸಿಗತ್ತೆ.

ಕೈವರ್ಗ

ಸಿಗುತ್ತದೆ. ಅದನ್ನು ಹಾಕುವ ಮೊದಲ ಮೆಟ್ಟಿಲೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ, ಜೊತೆಗೆ ಇನ್ನೇನು ಒಳಗೆ ಬಂತೋ ಯಾರಿಗೂ ತಿಳಿಯದು. ಯುಪಿಐ ಇರುವ ಫೋನನ್ನು ಚುಚ್ಚುವ ಲ್ಯಾಪ್‌ಟಾಪಿಗೆ ಅದು ಬೇಡ. ಪ್ರಶ್ನೆ ಕೇಳಿದವರಿಗೆ ಬೇಕಿರುವುದು ಶೇಕಡಾವಾರು, ಕ್ರಾಸ್‌ಟ್ಯಾಬ್ (ಎರಡು ಪ್ರಶ್ನೆಗಳ ಉತ್ತರವನ್ನು ಒಂದೇ ಕೋಷ್ಟಕದಲ್ಲಿ ಎಣಿಸುವುದು), ಆ ಎರಡಕ್ಕೂ ನಂಟಿದೆಯೇ ಎಂದು ನೋಡುವ ಕೈ ವರ್ಗ ಪರೀಕ್ಷೆ, ಹೆಚ್ಚೆಂದರೆ ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವ ಕ್ರೋನ್‌ಬ್ಯಾಕ್ ಆಲ್ಫಾ. ಇಷ್ಟಕ್ಕೆ ಪಿಎಸ್‌ಪಿಪಿ ಸಾಕು. ಉಚಿತ, ನೋಡಲು ಎಸ್‌ಪಿಎಸ್‌ಎಸ್ ಥರವೇ ಇದೆ, ಅದರ ಡೇಟಾ ಫೈಲನ್ನೂ ತೆರೆಯುತ್ತದೆ. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಜೆಎಎಸ್‌ಪಿ ಇನ್ನೂ ಚಂದ, ಆದರೆ 4 ಜಿಬಿಯಲ್ಲಿ ಏದುಸಿರು ಬಿಡುತ್ತದೆ.

ಕೆಲಸ ಹೀಗೆ ಮಾಡಿ. ಗೂಗಲ್ ಫಾರ್ಮ್‌ನ ಉತ್ತರಗಳನ್ನು ಶೀಟ್ಸ್‌ಗೆ ಕಳಿಸಿ ಅಲ್ಲಿಂದ ಸಿಎಸ್‌ವಿ (ಕಾಮಾ ಹಾಕಿ ಕಾಲಂ ಬೇರ್ಪಡಿಸಿದ ಫೈಲ್) ಇಳಿಸಿಕೊಳ್ಳಿ. ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದಾಗ ಒಂದು ಕಿಟಕಿ ಬರುತ್ತದೆ. ಕ್ಯಾರೆಕ್ಟರ್ ಸೆಟ್ ‘ಯೂನಿಕೋಡ್ ಯುಟಿಎಫ್-8’ ಇರಲಿ, ಸೆಪರೇಟರ್‌ನಲ್ಲಿ ‘ಕಾಮಾ’ ಒಂದಕ್ಕೇ ಗುರುತು ಇರಲಿ. ‘ಸ್ಪೇಸ್’ಗೂ ಗುರುತು ಬಿದ್ದಿದ್ದರೆ ಕನ್ನಡ ವಾಕ್ಯಗಳು ಪದಪದವಾಗಿ ಬೇರೆಬೇರೆ ಕಾಲಂಗೆ ಹರಡಿಹೋಗುತ್ತವೆ. ಮುಂದೆ ಯಾರದೋ ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಇದೇ ಫೈಲ್ ತೆರೆದು ಕನ್ನಡ ಕಾಣದಿದ್ದರೆ ಗಾಬರಿ ಬೇಡ. ಡಬಲ್ ಕ್ಲಿಕ್ ಮಾಡದೆ, ಡೇಟಾ ಮೆನುವಿನ ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’ಯಿಂದ ತಂದು ಫೈಲ್ ಒರಿಜಿನ್ 65001 ಆರಿಸಿದರೆ ಸರಿಹೋಗುತ್ತದೆ.

ಕಾಲಂ ತಲೆಯಲ್ಲಿ ಇಡೀ ಪ್ರಶ್ನೆ ಕೂತಿರುತ್ತದೆ. ಅದನ್ನು ತೆಗೆದು ಇಂಗ್ಲಿಷಿನಲ್ಲಿ ಚಿಕ್ಕ ಸಂಕೇತ ಕೊಡಿ, ಯಾವ ಸಂಕೇತ ಯಾವ ಪ್ರಶ್ನೆ ಎಂದು ಬೇರೆ ಹಾಳೆಯಲ್ಲಿ ಬರೆದಿಡಿ. ಉತ್ತರಗಳಿಗೂ ಅಂಕಿ ಕೊಡಿ: ದಿನವೂ 1, ಆಗಾಗ 2, ಇಲ್ಲವೇ ಇಲ್ಲ 3. ‘ಯಾವ್ಯಾವ ಆ್ಯಪ್ ಬಳಸುತ್ತೀರಿ’ ಎಂಬಂಥ ಹಲವು ಟಿಕ್‌ನ ಪ್ರಶ್ನೆಯ ಉತ್ತರವೆಲ್ಲ ಒಂದೇ ಕೋಶದಲ್ಲಿ ಬಂದಿರುತ್ತದೆ. ಒಂದೊಂದು ಆ್ಯಪ್‌ಗೆ ಒಂದೊಂದು ಕಾಲಂ ಮಾಡಿ 1 ಅಥವಾ 0 ತುಂಬಿ. ಸೂತ್ರ ಹಾಕಿ ಹುಡುಕಿದರೆ ಬೇಗ ಮುಗಿಯುತ್ತದೆ, ಆದರೆ ‘ಇತರೆ’ಯಲ್ಲಿ ವ್ಯಾಪಾರಿಗಳೇ ಬರೆದ ಹೆಸರುಗಳಿಗೆ ಒತ್ತಕ್ಷರ ಅವರು ಹೇಳಿದ ಕಾಣದ ಚಿಹ್ನೆ ತೊಡಕಾಗುತ್ತದೆ. ಅವನ್ನು ಕೈಯಲ್ಲೇ ನೋಡಿ.

ಈ ಫೈಲನ್ನು ಪಿಎಸ್‌ಪಿಪಿಗೆ ತಂದ ಮೇಲೆ ಅಲ್ಲಿನ ಮೆನುವಿನಲ್ಲಿ ಅನಲೈಸ್, ಡಿಸ್ಕ್ರಿಪ್ಟಿವ್ ಸ್ಟ್ಯಾಟಿಸ್ಟಿಕ್ಸ್, ಕ್ರಾಸ್‌ಟ್ಯಾಬ್ಸ್. ಸ್ಟ್ಯಾಟಿಸ್ಟಿಕ್ಸ್ ಗುಂಡಿಯಲ್ಲಿ ಕೈ ವರ್ಗ, ಸೆಲ್ಸ್ ಗುಂಡಿಯಲ್ಲಿ ‘ಎಕ್ಸ್‌ಪೆಕ್ಟೆಡ್’ ಎರಡನ್ನೂ ಆರಿಸಿ. ಎರಡನೆಯದನ್ನು ಬಿಡಬೇಡಿ. ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಕೋಶಗಳು ಶೇ. 20ಕ್ಕಿಂತ ಹೆಚ್ಚಿದ್ದರೆ ಆ ಪರೀಕ್ಷೆಯ ಫಲಿತಾಂಶ ನಂಬುವಂತಿಲ್ಲ. ಅರವತ್ತು ದಾಟಿದ ವ್ಯಾಪಾರಿಗಳು ಬೆರಳೆಣಿಕೆಯಷ್ಟೇ ಇದ್ದರೆ ಹಾಗಾಗುವುದು ಸಹಜ, ಪಕ್ಕದ ವಯೋಗುಂಪಿನ ಜೊತೆ ಸೇರಿಸಿ ಮತ್ತೆ ನಡೆಸಿ. ಪಿ ಮೌಲ್ಯ (ನಂಟೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ) .000 ಎಂದು ಬಂದರೆ ವರದಿಯಲ್ಲಿ ಸೊನ್ನೆ ಎಂದು ಬರೆಯಬೇಡಿ, ‘0.001ಕ್ಕಿಂತ ಕಡಿಮೆ’ ಎಂದು ಬರೆಯಿರಿ. ವೈವಾದಲ್ಲಿ ಮೊದಲು ಹಿಡಿಯುವುದೇ ಅದನ್ನು.

ಬಿಕಾಂ_ಕೊನೆಸೆಮ್

ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. ಉಲ್ಲೇಖಕ್ಕೆ ಜೊಟೆರೋ ಅಂತ ಕೇಳಿದ್ದೇನೆ, ಕನ್ನಡ ಪುಸ್ತಕಗಳಿಗೆ ಆಗುತ್ತದಾ? ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಪ್ರಾಕ್ಟಿಕಲ್ಲೂ ಇದೇ ಲ್ಯಾಪ್‌ಟಾಪಲ್ಲಿ ಮಾಡಬೇಕು.

ಅಡಿಟಿಪ್ಪಣಿ

ಆಗುತ್ತದೆ, ಸ್ವಲ್ಪ ಕೈಕೆಲಸ ಇದೆ. ಇಂಗ್ಲಿಷ್ ಪುಸ್ತಕವಾದರೆ ಐಎಸ್‌ಬಿಎನ್ ಕೊಟ್ಟರೆ ವಿವರವೆಲ್ಲ ತಾನೇ ತರುತ್ತದೆ. ಕನ್ನಡ ಪುಸ್ತಕಗಳ ವಿವರ ಹೀಗೆ ಸಿಗುವುದು ಕಡಿಮೆ, ನೀವೇ ತುಂಬಬೇಕು. ಲೇಖಕರ ಹೆಸರು ತುಂಬುವಾಗ ಪಕ್ಕದ ಚಿಕ್ಕ ಗುಂಡಿ ಒತ್ತಿ ಎರಡು ಖಾನೆಯನ್ನು ಒಂದು ಮಾಡಿಕೊಳ್ಳಿ. ಇಲ್ಲದಿದ್ದರೆ ಊರಿನ ಹೆಸರೋ ಇನಿಷಿಯಲ್ಲೋ ಅಡ್ಡಹೆಸರಿನ ಜಾಗಕ್ಕೆ ಹೋಗಿ ಕೂತು, ಗ್ರಂಥಸೂಚಿಯಲ್ಲಿ ಹೆಸರು ಹಿಂದುಮುಂದಾಗುತ್ತದೆ.

ಬ್ರೌಸರಿಗೆ ಜೊಟೆರೋ ಕನೆಕ್ಟರ್ ಹಾಕಿ. ಯುಪಿಐ ನಡೆಸುವ ಎನ್‌ಪಿಸಿಐ ತಿಂಗಳು ತಿಂಗಳೂ ವಹಿವಾಟಿನ ಅಂಕಿ ಪ್ರಕಟಿಸುತ್ತದೆ. ನೀವು ನೋಡಿದ ದಿನದ ಪುಟದ ಪ್ರತಿ ಮತ್ತು ನೋಡಿದ ದಿನಾಂಕ ಎರಡನ್ನೂ ಕನೆಕ್ಟರ್ ಉಳಿಸಿಕೊಳ್ಳುತ್ತದೆ. ನಾಳೆ ಆ ಪುಟ ಬದಲಾದರೂ ನಿಮ್ಮ ಅಂಕಿಗೆ ಆಧಾರ ಇರುತ್ತದೆ.

ರೈಟರ್ ಒಳಗೆ ಜೊಟೆರೋ ಮೆನು ಕಾಣದಿದ್ದರೆ ಕಂಪ್ಯೂಟರಿನಲ್ಲಿ ಜಾವಾ ಎಂಬ ಸಾಫ್ಟ್‌ವೇರ್ ಇದೆಯೇ ನೋಡಿ, ಲಿಬ್ರೆಆಫೀಸಿನ ಪ್ಲಗಿನ್‌ಗೆ ಅದು ಬೇಕಾಗಬಹುದು. ಆನ್‌ಲೈನಿನಲ್ಲಿ ಪುಕ್ಕಟೆ ಜಾಗ 300 ಎಂಬಿ ಮಾತ್ರ, ಸ್ಕ್ಯಾನ್ ಮಾಡಿದ ನಾಲ್ಕಾರು ಪುಸ್ತಕಕ್ಕೇ ತುಂಬುತ್ತದೆ. ಸಿಂಕ್ ಸೆಟ್ಟಿಂಗಿನಲ್ಲಿ ಫೈಲ್ ಸಿಂಕಿಂಗ್ ಆಫ್ ಮಾಡಿ. ಉಲ್ಲೇಖದ ವಿವರಗಳಿಗೆ ಈ ಮಿತಿ ಇಲ್ಲ, ಅವು ಸಿಂಕ್ ಆಗುತ್ತಲೇ ಇರುತ್ತವೆ. ‘ಅನ್‌ಲಿಂಕ್ ಸೈಟೇಶನ್ಸ್’ ಗುಂಡಿಯನ್ನು ಕೊನೆಯ ಪ್ರತಿಯ ನಕಲಿನ ಮೇಲೆ ಬಿಟ್ಟು ಬೇರೆಲ್ಲೂ ಒತ್ತಬೇಡಿ. ಒತ್ತಿದ ಮೇಲೆ ಉಲ್ಲೇಖಗಳೆಲ್ಲ ಬರೀ ಅಕ್ಷರ, ಜೊಟೆರೋ ಅವನ್ನು ಗುರುತಿಸುವುದಿಲ್ಲ.

ಕೃತಿಚೌರ್ಯದ ವಿಚಾರ: ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅಲ್ಲಿಂದ 40, 60 ಎಂದು ಹಂತಗಳಿವೆ. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ ಲೆಕ್ಕಕ್ಕೆ ಬರುವುದಿಲ್ಲ. ಪದವಿ ಪ್ರಾಜೆಕ್ಟಿಗೆ ನಿಮ್ಮಲ್ಲಿ ಎಷ್ಟು ಮಿತಿ ಇಟ್ಟಿದ್ದಾರೆ ಎಂದು ಗೈಡ್ ಅವರನ್ನೇ ಕೇಳಿ.

ಹಳೇಗಾಡಿ

ಲ್ಯಾಪ್‌ಟಾಪ್ ಬಗ್ಗೆ ನಾನು ಹೇಳುತ್ತೇನೆ. ದುಡ್ಡು ಖರ್ಚು ಮಾಡುವುದಿದ್ದರೆ ಒಂದಕ್ಕೇ ಮಾಡಿ: ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ (ಅದಕ್ಕಿಂತ ವೇಗದ ಡಿಸ್ಕ್) ಹಾಕಿಸಿ. 4 ಜಿಬಿ ತುಂಬಿದ ಮೇಲೆ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ಎತ್ತಿಡುತ್ತದೆ, ಯಂತ್ರ ನಿಂತೇಹೋದಂತೆ ಅನ್ನಿಸುವುದು ಆಗಲೇ. ಅಲ್ಲಿಯವರೆಗೆ ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಟ್ಯಾಬಿನಲ್ಲಿ ಬೇಡದ್ದನ್ನೆಲ್ಲ ಡಿಸೇಬಲ್ ಮಾಡಿ, ರೈಟರ್ ತೆರೆದಿರುವಾಗ ಬ್ರೌಸರ್ ಟ್ಯಾಬುಗಳನ್ನು ಮುಚ್ಚಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತೃತ ಭದ್ರತಾ ಅಪ್‌ಡೇಟ್ ಇಟ್ಟಿದ್ದಾರೆ. ಅದಕ್ಕೆ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಬೇಕು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಈ ಯಂತ್ರದಲ್ಲಿ ಹಗುರವಾಗಿ ಓಡುತ್ತದೆ, ಅಲ್ಲಿ ಟೈಪಿಂಗ್ ನೋಡಿಕೊಳ್ಳುವ ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿದರೆ ನುಡಿಯ ಕೆಜಿಪಿ ವಿನ್ಯಾಸವೂ ಸಿಗುತ್ತದೆ. ಆದರೆ ಟ್ಯಾಲಿ ವಿಂಡೋಸಿನದು. ನಿಮಗೆ ಅದು ಬೇಕೆಂದಿರುವುದರಿಂದ ಪ್ರಾಜೆಕ್ಟ್ ಮುಗಿಯುವ ತನಕ ವಿಂಡೋಸ್ ಬಿಡಬೇಡಿ.

ಟ್ಯಾಲಿಪ್ರೈಮ್‌ಗೆ ಲೈಸೆನ್ಸ್ ಬೇಕಿಲ್ಲ, ಎಜುಕೇಶನಲ್ ಮೋಡ್‌ನಲ್ಲಿ ತೆರೆಯಿರಿ. ಅಲ್ಲಿ ವೋಚರಿನ ದಿನಾಂಕ 1, 2 ಮತ್ತು 31 ಮಾತ್ರ ತೆಗೆದುಕೊಳ್ಳುತ್ತದೆ. ಬೇರೆ ದಿನಾಂಕ ಹಾಕಿ ‘ಕೆಟ್ಟಿದೆ’ ಎಂದು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ.

ಬಿಕಾಂ_ಕೊನೆಸೆಮ್

ಕೊನೆಯದೊಂದು. ಪ್ರಮಾಣಪತ್ರ, ಪರಿವಿಡಿ ಪುಟಗಳಿಗೆ ರೋಮನ್ ಸಂಖ್ಯೆ, ಒಂದನೇ ಅಧ್ಯಾಯದಿಂದ 1 ಅಂತ ಶುರು ಆಗಬೇಕಂತೆ. ಎಷ್ಟು ಹೊತ್ತು ಕೂತರೂ ಬರುತ್ತಿಲ್ಲ, ಹಿಂದಿನ ಪುಟದ ಸಂಖ್ಯೆಯನ್ನೂ ಬದಲಿಸಿಬಿಡುತ್ತದೆ. ಪ್ರಿಂಟಿಗೆ ಯಾವ ಫೈಲ್ ಒಯ್ಯಲಿ?

ಒತ್ತಕ್ಷರ

ಪುಟದ ಸ್ಟೈಲ್ ಎರಡು ಬೇಕು. ಎಫ್11ರಲ್ಲಿ ಪೇಜ್ ಸ್ಟೈಲ್ಸ್ ಗುಂಡಿ ಒತ್ತಿ, ‘ಮುನ್ನುಡಿ’ ಎಂದು ಹೊಸದೊಂದು ಮಾಡಿ, ಅದರ ಪೇಜ್ ನಂಬರ್ಸ್ ಬಗೆಯಲ್ಲಿ ರೋಮನ್ ಆರಿಸಿ. ಮೊದಲ ಪುಟದಲ್ಲಿ ಕರ್ಸರ್ ಇಟ್ಟು ಅದನ್ನು ಅನ್ವಯಿಸಿ. ಆಮೇಲೆ ಒಂದನೇ ಅಧ್ಯಾಯದ ಶೀರ್ಷಿಕೆಯ ಮುಂದೆ ಕರ್ಸರ್ ಇಟ್ಟು ಇನ್ಸರ್ಟ್, ಮೋರ್ ಬ್ರೇಕ್ಸ್, ಮ್ಯಾನ್ಯುಯಲ್ ಬ್ರೇಕ್. ಅಲ್ಲಿ ಪೇಜ್ ಬ್ರೇಕ್, ಸ್ಟೈಲ್ ‘ಡಿಫಾಲ್ಟ್ ಪೇಜ್ ಸ್ಟೈಲ್’, ‘ಚೇಂಜ್ ಪೇಜ್ ನಂಬರ್’ಗೆ ಗುರುತು ಹಾಕಿ 1 ಕೊಡಿ. ಎರಡೂ ಸ್ಟೈಲಿಗೆ ಅಡಿಭಾಗವನ್ನು ಬೇರೆಬೇರೆ ಆನ್ ಮಾಡಿ ಸಂಖ್ಯೆ ಹಾಕಿ. ಸಂಖ್ಯೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ‘ಆಫ್‌ಸೆಟ್’ ಎಂಬುದು ಕಾಣುತ್ತದೆ. ಅದನ್ನು ಮುಟ್ಟಬೇಡಿ, ಅದರಲ್ಲಿ ಸಂಖ್ಯೆ ಸರಿಮಾಡಲು ಹೋದರೆ ಕೊನೆಯ ಕೆಲವು ಪುಟಗಳ ಸಂಖ್ಯೆಯೇ ಮಾಯವಾಗುತ್ತದೆ.

ಪ್ರಿಂಟಿಗೆ ಪಿಡಿಎಫ್ ಮಾತ್ರ ಒಯ್ಯಿರಿ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಡಾಕ್ಸ್ ಫೈಲಿನ ಸಾಲುಗಳೆಲ್ಲ ಜರುಗಿ ಪರಿವಿಡಿಯ ಪುಟಸಂಖ್ಯೆ ತಪ್ಪುತ್ತದೆ, ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಇರುತ್ತದೆ. ಪಿಡಿಎಫ್ ಮಾಡುವ ಮೊದಲು ಪರಿವಿಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಅಪ್‌ಡೇಟ್ ಇಂಡೆಕ್ಸ್’ ಒತ್ತಿ. ರೈಟರ್‌ನ ಮೂಲ ಓಡಿಟಿ ಫೈಲನ್ನೂ ಜೋಪಾನ ಮಾಡಿ, ಪಿಡಿಎಫ್‌ನಿಂದ ಕನ್ನಡವನ್ನು ಕಾಪಿ ಮಾಡಿದರೆ ಗುಣಿತ, ಒತ್ತು ಚೆಲ್ಲಾಪಿಲ್ಲಿ ಆಗುವುದು ಮಾಮೂಲು.

ಶುರುವಿನ ರೋಮನ್ ಪುಟಗಳು ಏಳಕ್ಕೋ ಒಂಬತ್ತಕ್ಕೋ ಮುಗಿದರೆ ಅದಾದ ಮೇಲೆ ಒಂದು ಖಾಲಿ ಪುಟ ತಾನಾಗಿ ಸೇರಿಕೊಳ್ಳುತ್ತದೆ. ಬೆಸ ಸಂಖ್ಯೆಯ ಪುಟ ಬಲಗಡೆಗೇ ಬರಬೇಕು ಎಂಬುದು ರೈಟರ್‌ನ ಲೆಕ್ಕ. ಎರಡೂ ಬದಿ ಪ್ರಿಂಟ್ ಮಾಡಿಸುವುದಾದರೆ ಅದು ಇರಲಿ. ಒಂದೇ ಬದಿಯಾದರೆ ಪಿಡಿಎಫ್ ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ‘ಆಟೋಮ್ಯಾಟಿಕಲಿ ಇನ್ಸರ್ಟೆಡ್ ಬ್ಲ್ಯಾಂಕ್ ಪೇಜಸ್’ ಎಂಬುದರ ಗುರುತು ತೆಗೆದುಬಿಡಿ.