ಬೋರ್ಡ್ ಚಿಕ್ಕದಾಯ್ತು, ಸಿಮ್ಯುಲೇಶನ್‌ನಲ್ಲಿ ಸರಿ ಇದೆ, ಕೈಯಲ್ಲಿರುವ ಬೋರ್ಡ್ ರೀಸೆಟ್ ಆಗುತ್ತದೆ: ಅನುಭವ ಇದ್ದವರು ಹೇಳಿ

ಕೇಳಿದವರು:
ನಮಸ್ಕಾರ. ಯುಎಸ್‌ಬಿ 5 ವೋಲ್ಟ್‌ನಲ್ಲಿ ಓಡುವ ಸೆನ್ಸರ್ ಬೋರ್ಡ್ ಒಂದನ್ನು ಮಾಡಿದ್ದೇನೆ. ಎಲ್‌ಡಿಒ ರೆಗ್ಯುಲೇಟರ್ (ಹೆಚ್ಚುವರಿ ವೋಲ್ಟೇಜನ್ನು ಬಿಸಿಯಾಗಿ ಕಳೆಯುವ ಚಿಪ್) 3.3 ವೋಲ್ಟ್ ಕೊಡುತ್ತದೆ, ಅದರಿಂದ ವೈಫೈ ಮಾಡ್ಯೂಲ್ ನಡೆಯುತ್ತದೆ. 40×40 ಮಿ.ಮೀ. ಬೋರ್ಡ್‌ನಲ್ಲಿ ಯಾವ ತಕರಾರೂ ಇರಲಿಲ್ಲ. ಈಗ 20×20ಕ್ಕೆ ಇಳಿಸಿದ್ದೇನೆ. ಸರ್ಕ್ಯೂಟ್ ಅದೇ, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮಾತ್ರ 0805 ಬದಲು 0402 ಸೈಜ್ (ಪಾರ್ಟ್‌ನ ಅಳತೆಯ ಕೋಡ್, 0402 ಚಿಕ್ಕದು), ಅಷ್ಟೇ. ವೈಫೈ ಶುರುವಾದ ತಕ್ಷಣ ರೀಸೆಟ್ ಆಗುತ್ತಿದೆ. ಮುಟ್ಟಿದರೆ ಬಿಸಿ. ಸಿಮ್ಯುಲೇಶನ್ ತಂತ್ರಾಂಶ ಎಲ್‌ಟಿಸ್ಪೈಸ್‌ನಲ್ಲಿ ಮಾತ್ರ ಎಲ್ಲ ಸರಿ! ಎಲ್ಲಿಂದ ಹುಡುಕಲಿ?

ಮೊದಲ ಉತ್ತರ:
"ಅಷ್ಟೇ" ಅಂದಿರಲ್ಲ, ನನ್ನ ಅನುಮಾನ ಅಲ್ಲೇ. ಡಬ್ಬಿ ಚಿಕ್ಕದಾದರೂ ಹೆಸರಿಗೆ ಅದೇ 10 ಮೈಕ್ರೋಫ್ಯಾರಡ್ ಬೇಕು ಅಂದ್ರೆ ಒಳಗಿನ ಸೆರಾಮಿಕ್ ಪದರ ತೆಳ್ಳಗಾಗಲೇಬೇಕು. ಪದರ ತೆಳ್ಳಗಾದಷ್ಟೂ ಅದೇ 3.3 ವೋಲ್ಟ್‌ ಅದನ್ನು ಜಾಸ್ತಿ ಹಿಂಡುತ್ತದೆ, ಕೆಪಾಸಿಟನ್ಸ್ ಇಳಿಯುತ್ತದೆ. 6.3 ವೋಲ್ಟ್ ರೇಟಿಂಗ್‌ನ ಎಕ್ಸ್5ಆರ್ ಜಾತಿಯ (ಸೆರಾಮಿಕ್‌ನ ಒಂದು ಬಗೆ) 0402ನಲ್ಲಿ ಅರ್ಧವೂ ಉಳಿಯದಿರುವುದು ಮಾಮೂಲು. ಬಿಚ್ಚಿ, ಕೆಪಾಸಿಟನ್ಸ್ ಅಳೆಯುವ ಎಲ್‌ಸಿಆರ್ ಮೀಟರ್‌ಗೆ ಹಿಡಿದರೂ ಗುಟ್ಟು ಬಯಲಾಗುವುದಿಲ್ಲ. ಸಾಮಾನ್ಯ ಮೀಟರ್ ಡಿಸಿ ವೋಲ್ಟೇಜ್ ಹಾಕದೆ ಅಳೆಯುತ್ತದೆ, ಹಾಗಾಗಿ ಹೆಚ್ಚುಕಡಿಮೆ 10 ಅಂತಲೇ ತೋರಿಸುತ್ತದೆ. ತಯಾರಕರ ಡಿಸಿ ಬಯಾಸ್ ಗ್ರಾಫ್ (ಯಾವ ವೋಲ್ಟೇಜ್‌ಗೆ ಎಷ್ಟು ಕೆಪಾಸಿಟನ್ಸ್ ಉಳಿಯುತ್ತದೆ ಅನ್ನುವುದು) ನೋಡಿ, ನಿಜವಾದ ಲೆಕ್ಕ ಅಲ್ಲಿರುತ್ತದೆ. ಸಿ0ಜಿ ಜಾತಿಗೆ ಈ ಕಾಯಿಲೆ ಇಲ್ಲ, ಆದರೆ ಅದರಲ್ಲಿ ಇಷ್ಟು ದೊಡ್ಡ ಬೆಲೆ 0402 ಸೈಜಿನಲ್ಲಿ ಸಿಗುವುದಿಲ್ಲ.

ಈಗ ಕೈ ಲೆಕ್ಕ ಮಾಡೋಣ. ವೈಫೈ ಕಳಿಸಲು ಶುರು ಮಾಡಿದಾಗ ಕರೆಂಟ್ 300 ಮಿಲಿಆಂಪ್ ಏರಿತು, ಎಲ್‌ಡಿಒ ಸುಧಾರಿಸಿಕೊಳ್ಳಲು 10 ಮೈಕ್ರೋಸೆಕೆಂಡ್ ಬೇಕು ಅಂತ ಇಟ್ಟುಕೊಳ್ಳಿ. ಅಷ್ಟು ಹೊತ್ತು ಕೆಪಾಸಿಟರೇ ನಿಭಾಯಿಸಬೇಕು. 10 ಮೈಕ್ರೋಫ್ಯಾರಡ್ ಇದ್ದರೆ 0.3 ವೋಲ್ಟ್ ಕುಸಿತ, 3.0 ಉಳಿಯುತ್ತದೆ. ಬದುಕಿಕೊಳ್ಳುತ್ತದೆ. 4 ಮೈಕ್ರೋಫ್ಯಾರಡ್ ಮಾತ್ರ ಇದ್ದರೆ ಕುಸಿತ 0.75, ಉಳಿಯುವುದು 2.55. ಅಲ್ಲಿ ರೀಸೆಟ್ ಆಗದೆ ಇನ್ನೇನಾಗುತ್ತದೆ?

ಎಲ್‌ಟಿಸ್ಪೈಸ್‌ನ ಮೂಲವಾದ ಸ್ಪೈಸ್ ಸುಳ್ಳು ಹೇಳಲಿಲ್ಲ. ನೀವು 10 ಅಂದಿರಿ, ಅದು 10 ಅಂತಲೇ ಲೆಕ್ಕ ಹಾಕಿತು. 1973ರಲ್ಲಿ ಬರ್ಕ್ಲಿಯಲ್ಲಿ ಅದು ಹುಟ್ಟಿದ್ದು ಐಸಿಗಳ ಸರ್ಕ್ಯೂಟ್ ಲೆಕ್ಕಕ್ಕೆ. ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟ್ ನಕ್ಷೆಯಲ್ಲಿ) ಎಳೆದ ಗೆರೆ ಅದಕ್ಕೆ ಶೂನ್ಯ ಓಮ್, ಶೂನ್ಯ ಇಂಡಕ್ಟನ್ಸ್. ಅದಕ್ಕೇ ಲೇಔಟ್‌ಗೆ ಮೊದಲು ನಾನು ಬೇಕಂತಲೇ ಮಾಡೆಲ್ ಕೆಡಿಸುತ್ತೇನೆ. ಕೆಪಾಸಿಟರ್‌ಗೆ ಗ್ರಾಫ್‌ನಲ್ಲಿ ಸಿಕ್ಕ ಬೆಲೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸೀರೀಸ್ ರೆಸಿಸ್ಟನ್ಸ್, ಇಂಡಕ್ಟನ್ಸ್ ತುಂಬುವ ಜಾಗ ಇದೆ, ಕೆಲವು ಮಿಲಿಓಮ್ ಮತ್ತು ಅರ್ಧ ನ್ಯಾನೋಹೆನ್ರಿ ಹಾಕಿ. ತೆಳು ಟ್ರೇಸ್ (ಬೋರ್ಡ್ ಮೇಲಿನ ತಾಮ್ರದ ಗೆರೆ) ಇದ್ದರೆ ಮಿ.ಮೀ.ಗೆ ಸುಮಾರು 1 ನ್ಯಾನೋಹೆನ್ರಿ ಸೇರಿಸಿ. ಲೋಡ್ ಜಾಗದಲ್ಲಿ ರೆಸಿಸ್ಟರ್ ಇಟ್ಟು ಸುಮ್ನೆ ಕೂರಬೇಡಿ, ಜಿಗಿಯುವ ಕರೆಂಟ್ ಸೋರ್ಸ್ ಇಡಿ. ಇಷ್ಟು ಮಾಡಿದರೆ ಬೋರ್ಡ್‌ನಲ್ಲಿ ಕಾಣುವ ಕುಸಿತ ಪರದೆ ಮೇಲೂ ಕಾಣುತ್ತದೆ.

ಇನ್ನೊಬ್ಬರು:
ಕೆಪಾಸಿಟರ್ ಮಾತು ಒಪ್ಪಿದೆ. ಬಿಸಿಯ ಬಗ್ಗೆ ಯಾರೂ ಹೇಳಲಿಲ್ಲ. ಸರಾಸರಿ 100 ಮಿಲಿಆಂಪ್ ಅಂದುಕೊಂಡರೂ 5 ವೋಲ್ಟ್‌ಗೆ ಅರ್ಧ ವ್ಯಾಟ್. ರೇಡಿಯೋ ಅಲೆಯಾಗಿ ಹೋಗುವ ಚೂರು ಬಿಟ್ಟರೆ ಎಲ್ಲವೂ ಕೊನೆಗೆ ಬಿಸಿಯೇ. ಫ್ಯಾನ್ ಇಲ್ಲದ ಗಾಳಿಯಲ್ಲಿ ಒಂದು ಚದರ ಮೀಟರ್ ಮೈ ಡಿಗ್ರಿಗೆ ಸುಮಾರು 10 ವ್ಯಾಟ್ ಬಿಡುತ್ತದೆ. 40×40 ಬೋರ್ಡ್‌ನ ಎರಡೂ ಮುಖ ಸೇರಿ 32 ಚದರ ಸೆಂ.ಮೀ., ಅಂದರೆ ಗಾಳಿಗಿಂತ 16 ಡಿಗ್ರಿ ಏರಿಕೆ. 20×20ಕ್ಕೆ 8 ಚದರ ಸೆಂ.ಮೀ., ಏರಿಕೆ 60 ದಾಟುತ್ತದೆ. ಒರಟು ಲೆಕ್ಕವೇ, ಕೇಬಲ್ ಕೂಡ ಸ್ವಲ್ಪ ಬಿಸಿ ಎಳೆದುಕೊಳ್ಳುತ್ತದೆ. ಆದರೂ ಉದ್ದ ಅರ್ಧವಾದರೆ ಮೈ ಕಾಲು ಭಾಗ ಅನ್ನುವುದನ್ನು ಯಾವ ಲೇಔಟೂ ತಪ್ಪಿಸಲಾರದು. ಎಲ್‌ಡಿಒ ತೆಗೆದು 90 ಶೇಕಡಾ ದಕ್ಷತೆಯ ಬಕ್ ಕನ್ವರ್ಟರ್ (ಸ್ವಿಚ್ ಮಾಡಿ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಹಾಕಿದರೆ 0.5 ವ್ಯಾಟ್ 0.37ಕ್ಕೆ ಇಳಿಯುತ್ತದೆ. ಅನುಕೂಲ ಇದೆ, ಪವಾಡ ಇಲ್ಲ. ವೈಫೈಯನ್ನು ಆಗಾಗ ಮಲಗಿಸುವುದೇ ಜಾಸ್ತಿ ಲಾಭ.

ಮತ್ತೊಬ್ಬರು:
ಆಂಟೆನಾ ಕಡೆಯೂ ನೋಡಿ. 2.4 ಗಿಗಾಹರ್ಟ್ಸ್‌ಗೆ ಕಾಲು ಅಲೆಯುದ್ದ ಸುಮಾರು 31 ಮಿ.ಮೀ. ನಿಮ್ಮ ಗ್ರೌಂಡ್ ಪ್ಲೇನ್ (ಬೋರ್ಡ್‌ನ ಗ್ರೌಂಡ್ ತಾಮ್ರದ ಪದರ) ಅದಕ್ಕಿಂತ ಚಿಕ್ಕದು. ಸಿಗ್ನಲ್ ಸೊರಗಿದರೆ ಮಾಡ್ಯೂಲ್ ಅದೇ ಪ್ಯಾಕೆಟ್ ಮತ್ತೆ ಮತ್ತೆ ಕಳಿಸುತ್ತದೆ, ಕರೆಂಟೂ ಬಿಸಿಯೂ ಅದರ ಹಿಂದೆಯೇ ಬರುತ್ತವೆ. ಪಾರ್ಟ್ ತರಿಸುವಾಗ ಇನ್ನೊಂದು: 0402 ಅಂದರೆ ಇಂಚಿನ ಕೋಡೋ ಮೆಟ್ರಿಕ್ ಕೋಡೋ ಕೇಳಿ. ಇಂಚಿನದು 1.0×0.5 ಮಿ.ಮೀ., ಮೆಟ್ರಿಕ್‌ನದು 0.4×0.2. ಎರಡನೆಯದು ಬಂದರೆ ಉಸಿರು ಬಿಟ್ಟರೂ ಹಾರಿಹೋಗುತ್ತದೆ!

ಕೇಳಿದವರು:
ಎಲ್ಲರಿಗೂ ಧನ್ಯವಾದ. ಗ್ರಾಫ್ ನೋಡಿದೆ, 3.3 ವೋಲ್ಟ್‌ನಲ್ಲಿ 4ರ ಹತ್ತಿರವೇ ಇದೆ. ಹೊಸ ಬೋರ್ಡ್ ಮಾಡಿಸದೆ ಖಾತ್ರಿ ಮಾಡಿಕೊಳ್ಳುವ ದಾರಿ ಇದೆಯಾ?

ಮೊದಲ ಉತ್ತರ:
ಇದೆ. ಹಳೇ ಬೋರ್ಡ್‌ನಿಂದ 0805 ಒಂದನ್ನು ಬಿಚ್ಚಿ, ಮಾಡ್ಯೂಲ್‌ನ ಪವರ್ ಪಿನ್ ಮತ್ತು ಗ್ರೌಂಡ್ ನಡುವೆ, ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಬೆಸುಗೆ ಹಾಕಿ. ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಆಸಿಲೋಸ್ಕೋಪ್‌ನಲ್ಲಿ ನೋಡಿ. ಟ್ರಿಗರ್ 3.0 ವೋಲ್ಟ್‌ಗೆ, ಇಳಿಯುವ ಅಂಚಿಗೆ ಇಡಿ. ಪ್ರೋಬ್‌ನ ಉದ್ದ ಗ್ರೌಂಡ್ ಕ್ಲಿಪ್ ಬೇಡ, ಅದರ ಇಂಡಕ್ಟನ್ಸೇ ಅಲೆ ಎಬ್ಬಿಸಿ ದಾರಿ ತಪ್ಪಿಸುತ್ತದೆ. ತುದಿಯ ಪುಟ್ಟ ಸ್ಪ್ರಿಂಗ್ ಬಳಸಿ. ಕುಸಿತ ಕಡಿಮೆಯಾಗಿ ರೀಸೆಟ್ ನಿಂತರೆ, ಮುಂದಿನ ಲೇಔಟ್‌ನಲ್ಲಿ ಆ ಒಂದು ಜಾಗವನ್ನು 0805ಕ್ಕೇ ಬಿಟ್ಟುಕೊಡಿ. ಉಳಿದ ಚಿಕ್ಕ ಬೆಲೆಯವೆಲ್ಲ 0402 ಇದ್ದರೂ ನಡೆಯುತ್ತದೆ.