ಆಕಾಶದ ಅಕ್ಷರದಾಟ: ಆರಿದ್ರಾ ಮಳೆಯೋ, ನಕ್ಷತ್ರವೋ?

ಮಾವಿನತೋಪು ಅಮ್ಮ, ಶ್ರೀನಿವಾಸಪುರ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಒಂದು ಜಗಳ ಬಿಡಿಸಿಕೊಡಿ. ಸಂಜೆ ಕರೆಂಟ್ ಹೋದಾಗ ಮಕ್ಕಳ ಜೊತೆ ಒಂದು ಆಟ ಆಡುತ್ತೇವೆ. ಒಂದೊಂದು ಅಕ್ಷರಕ್ಕೂ ಆಕಾಶದಲ್ಲಿರುವ ಏನಾದರೊಂದರ ಹೆಸರು ಹೇಳಬೇಕು. ಹತ್ತು ಎಣಿಸುವುದರೊಳಗೆ ಹೇಳದಿದ್ದರೆ ಔಟ್. ಙ, ಞ, ಣ, ಳ ಬಿಟ್ಟಿದ್ದೇವೆ, ಅವುಗಳಿಂದ ಶುರುವಾಗುವ ಮಾತೇ ಸಿಗುವುದಿಲ್ಲ ಅಲ್ವಾ. ಐದನೇ ಕ್ಲಾಸಿನ ಮಗಳು ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಬರೆದಿಡುತ್ತಾಳೆ.

ಮೊನ್ನೆ ಅತ್ತೆಯೂ ಸೇರಿಕೊಂಡರು. ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಸ್ಕೂಲಿಗೆ ಹೋದವರಲ್ಲ. ಆದರೆ ಭ ಅಂದರೆ ಭರಣಿ, ರ ಅಂದರೆ ರೋಹಿಣಿ, ಮ ಅಂದರೆ ಮಖೆ, ಹ ಅಂದರೆ ಹಸ್ತ. ಬೆರಳ ಸಂದಿಯಿಂದ ಬೇಳೆ ಚಿಮ್ಮಿದ ಹಾಗೆ ಹೆಸರು ಬರುತ್ತಿದ್ದವು. ಆ ಬಂದಾಗ ‘ಆರಿದ್ರಾ’ ಅಂದರು. ಎಂಟನೇ ಕ್ಲಾಸಿನ ಮಗ ಒಪ್ಪಲಿಲ್ಲ. ‘ಅಜ್ಜಿ, ಅದು ಮಳೆ. ಮೋಡದಿಂದ ಬೀಳೋದು. ಅದಕ್ಕೆ ಪಾಯಿಂಟ್ ಇಲ್ಲ’ ಅಂದ. ಅತ್ತೆ ಏನೂ ಹೇಳಲಿಲ್ಲ. ಆದರೆ ಆಮೇಲೆ ಆಟಕ್ಕೆ ಬರಲೂ ಇಲ್ಲ. ನನಗೆ ತುಂಬಾ ಬೇಜಾರಾಯಿತು.

ಆರಿದ್ರಾ ನಿಜವಾಗಲೂ ಆಕಾಶದಲ್ಲಿ ಇದೆಯಾ? ಇದ್ದರೆ ಕಣ್ಣಿಗೆ ಕಾಣುತ್ತದಾ? ಇನ್ನು ಊ, ಐ, ಔ, ಘ, ಛ, ಝ, ಢ, ಷ ಖಾಲಿ ಉಳಿದಿವೆ. ಅವಕ್ಕೂ ಏನಾದರೂ ಹೇಳಿ.

ಬಿದನೂರು ಮೇಷ್ಟ್ರು, ಗೌರಿಬಿದನೂರು:
ಮೊದಲು ನಿಮ್ಮ ಅತ್ತೆಗೆ ಪಾಯಿಂಟ್ ಕೊಡಿ ತಾಯಿ. ಆರಿದ್ರಾ ನಕ್ಷತ್ರವೇ. ಇಂಗ್ಲಿಷಿನವರು ಬೀಟಲ್‌ಜ್ಯೂಸ್ ಅನ್ನುತ್ತಾರೆ. ಸೂರ್ಯ ವರ್ಷಕ್ಕೊಂದು ಸಲ 27 ನಕ್ಷತ್ರಗಳನ್ನು ದಾಟಿ ಹೋದಂತೆ ನಮಗೆ ಕಾಣುತ್ತದೆ. ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ. ಆ ದಿನಗಳಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಅತ್ತೆ ಹೇಳಿದ ಭರಣಿ, ರೋಹಿಣಿ, ಮಖೆ, ಹಸ್ತ ಎಲ್ಲವೂ ಹಾಗೇ. ಅವಕ್ಕೆ ಪಾಯಿಂಟ್ ಕೊಟ್ಟು ಇದಕ್ಕೆ ಕೊಡದಿದ್ದರೆ ಹೇಗೆ?

ಜೂನ್ ಕೊನೆಯಲ್ಲಿ ಸೂರ್ಯ ಆರಿದ್ರಾ ಕಡೆ ಇರುತ್ತಾನೆ. ಹಾಗಾಗಿ ಆರಿದ್ರಾ ಮಳೆ ಬರುವಾಗ ಆರಿದ್ರಾ ನಕ್ಷತ್ರ ಕಾಣುವುದೇ ಇಲ್ಲ, ಬಿಸಿಲಿನಲ್ಲಿ ಮುಚ್ಚಿಹೋಗಿರುತ್ತದೆ. ಅವರೆಕಾಯಿ ಕಾಲದಲ್ಲಿ ಚೆನ್ನಾಗಿ ಕಾಣುತ್ತದೆ. ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ನೋಡಿ. ಒಂದೇ ಸಾಲಿನಲ್ಲಿ ಮೂರು ಚುಕ್ಕಿ ಇರುತ್ತವೆ. ಅವುಗಳ ಎಡಕ್ಕೆ ಕೆಂಪಗೆ ಉರಿಯುವುದೇ ಆರಿದ್ರಾ.

ಊ ಗೆ ಊರ್ಟ್ ಮೋಡ, ಅಂದರೆ ಸೌರಮಂಡಲದ ಅಂಚಿನಲ್ಲಿ ಇದೆ ಅನ್ನುವ ಹಿಮದ ಉಂಡೆಗಳ ರಾಶಿ. ಐ ಗೆ ಐಯಾಪೆಟಸ್, ಶನಿಯ ಒಂದು ಚಂದ್ರ. ಅದರ ಒಂದು ಮಗ್ಗುಲು ಕಪ್ಪು, ಇನ್ನೊಂದು ಬಿಳುಪು. ಷ ಗೆ ಷೂಮೇಕರ್-ಲೆವಿ ಧೂಮಕೇತು, 1994ರಲ್ಲಿ ಗುರುಗ್ರಹಕ್ಕೆ ಬಡಿದದ್ದು. ಛ ಗೆ ಛಾಯಾಗ್ರಹ ಅಂತ ಯಾರಾದರೂ ಹೇಳಬಹುದು, ಒಪ್ಪಬೇಡಿ. ರಾಹು ಕೇತು ವಸ್ತುಗಳಲ್ಲ. ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಜಾಗ, ಅಷ್ಟೇ.

ಕೆಜಿಎಫ್ ಹುಡುಗ:
ನ ಗೆ ಏನು ಬರೆದಿದ್ದೀರಿ ಅಕ್ಕ? ನೆಪ್ಚೂನ್ ಆಗಿದ್ದರೆ ಪಕ್ಕದಲ್ಲಿ ನ್ಯೂಟ್ರಿನೊ ಅಂತಲೂ ಬರೆಸಿ, ಅದೊಂದು ಅತಿ ಸಣ್ಣ ಕಣ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ನಮ್ಮ ಗಾಳಿಗೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳನ್ನು 1965ರಲ್ಲಿ ಇಲ್ಲಿನ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗಿಂತ ಜಾಸ್ತಿ ಆಳದಲ್ಲಿ ಪತ್ತೆ ಮಾಡಿದರು. ಮಿಕ್ಕ ಕಣಗಳನ್ನು ಮೇಲಿನ ಬಂಡೆಯೇ ತಡೆಯುತ್ತದೆ, ಇವು ಮಾತ್ರ ದಾಟಿ ಬರುತ್ತವೆ. ನಮ್ಮಪ್ಪ ಇಳಿಯುತ್ತಿದ್ದ ಗಣಿಯಲ್ಲಿ ಆಕಾಶ ನೋಡಿದ್ದಾರೆ ಅಂದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಔ ಗೆ ಔಮುವಮುವಾ ಆಗುತ್ತದಾ ಮೇಷ್ಟ್ರೇ? 2017ರಲ್ಲಿ ಸೌರಮಂಡಲದ ಹೊರಗಿಂದ ಬಂದು ಹೋಯಿತಲ್ಲ, ಅದು.

ಬಿದನೂರು ಮೇಷ್ಟ್ರು, ಗೌರಿಬಿದನೂರು:
ಅದು ಹವಾಯಿಯವರ ಭಾಷೆಯ ಹೆಸರಪ್ಪ. ಓಮುವಮುವಾ ಅಂತ ಓದಬೇಕು. ಓ ಗೆ ಬರೆಯಿರಿ, ಔ ಗೆ ಬೇಡ.

ಮಾವಿನತೋಪು ಅಮ್ಮ, ಶ್ರೀನಿವಾಸಪುರ:
ಮೇಷ್ಟ್ರೇ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನೀವು ಬರೆದದ್ದನ್ನು ಮಗನಿಗೆ ಓದಿಸಿದೆ. ನಿನ್ನೆ ರಾತ್ರಿ ಅವನೇ ಅಜ್ಜಿಯ ಕೈ ಹಿಡಿದು ತಾರಸಿಗೆ ಹತ್ತಿಸಿದ. ಚಳಿ ಜೋರಾಗಿತ್ತು, ಇಬ್ಬರೂ ಒಂದೇ ಕಂಬಳಿ ಹೊದ್ದಿದ್ದರು. ಮಾವಿನ ಮರಗಳ ಮೇಲೆ ಮೂರು ಚುಕ್ಕಿ ಬೇಗ ಸಿಕ್ಕವು. ಅಜ್ಜಿಯ ಬೆರಳು ಹಿಡಿದು ಎಡಕ್ಕೆ ಸರಿಸಿ ‘ಅದೇ ನೋಡಜ್ಜಿ’ ಅಂದ.

ಅತ್ತೆ ತುಂಬಾ ಹೊತ್ತು ನೋಡಿದರು. ‘ಇದನ್ನ ಚಿಕ್ಕವಳಿದ್ದಾಗಿಂದ ನೋಡಿದೀನಿ ಕಣೋ. ಆರಿದ್ರಾ ಅನ್ನೋ ಹೆಸರೂ ಗೊತ್ತಿತ್ತು. ಎರಡೂ ಒಂದೇ ಅಂತ ಗೊತ್ತಿರಲಿಲ್ಲ’ ಅಂದರು.

ಕೆಳಗಿಳಿದ ಮೇಲೆ ಮಗಳು ಆ ಮುಂದೆ ಆರಿದ್ರಾ ಅಂತ ಬರೆದಳು, ಈ ಸಲ ಪೆನ್ನಿನಲ್ಲಿ. ಔ, ಘ, ಛ, ಝ, ಢ ಇನ್ನೂ ಖಾಲಿ ಇವೆ. ಇವತ್ತು ಸಂಜೆಯ ಆಟಕ್ಕೆ ಅತ್ತೆ ಬರುತ್ತಾರೆ, ಯಾರಿಗಾದರೂ ಹೊಳೆದರೆ ಅಷ್ಟರಲ್ಲಿ ಬರೆಯಿರಿ.